ಮಹಾರಾಣಿಗೆ ವಿಮೆ

"ಈ ಅರ್ಜಿಗೆ ವಿಮೆ ಕೊಡಬೇಡಿ," ಎಂದಳು ಅವಳು, ಕುರ್ಚಿ ಎಳೆದುಕೊಳ್ಳುವ ಮೊದಲೇ.

ವಿಮಾ ಕಚೇರಿಯ ಅಧಿಕಾರಿ ಕನ್ನಡಕದ ಮೇಲಿಂದ ನೋಡಿದ. ಅವಳು ಅರ್ಜಿಯ ನಂಬರಿದ್ದ ಚೀಟಿ ಮುಂದಿಟ್ಟಳು. ಗಂಡ ಸ್ನಾನಕ್ಕೆ ಹೋದಾಗ ಅವನ ಮೊಬೈಲಿನಿಂದ ಬರೆದುಕೊಂಡದ್ದು. ಮೂವತ್ತು ವರ್ಷದ ಸಂಸಾರದಲ್ಲಿ ಇದೇ ಮೊದಲ ಕಳ್ಳತನ.

"ಹಳೇ ಕಾರುಗಳ ರ‍್ಯಾಲಿ. ಹವ್ಯಾಸಿಗಳದ್ದು. ಈ ಭಾನುವಾರ, ಬೆಟ್ಟದ ರಸ್ತೆ," ಅಧಿಕಾರಿ ಪರದೆ ನೋಡಿ ಓದಿದ. "ಮಾಮೂಲಿ ವಿಮೆ ಇದಕ್ಕೆ ಬರಲ್ಲ, ಅದಕ್ಕೇ ಬೇರೆ ಕೇಳಿದಾರೆ. ಏನು ತೊಂದರೆ?"

"ಓಡಿಸೋರಿಗೆ ತಲೆ ಸುತ್ತು ಬರತ್ತೆ. ಒಮ್ಮೊಮ್ಮೆ ಪ್ರಜ್ಞೆನೇ ತಪ್ಪತ್ತೆ. ಅರ್ಜೀಲಿ ಅದನ್ನ ಮುಚ್ಚಿಟ್ಟಿದೆ."

ಹೇಳಿದ್ದೇ ತಡ, ಅಳು ಒತ್ತರಿಸಿ ಬಂತು. ಹೋದ ತಿಂಗಳು ಗಂಡ ಷೆಡ್ಡಿನಲ್ಲಿ ಕುಸಿದು ಬಿದ್ದಿದ್ದ. "ಸೆಖೆ ಕಣೇ," ಎಂದು ನಕ್ಕುಬಿಟ್ಟಿದ್ದ. ಸೆಖೆಯಂತೆ, ಸೆಖೆ! ಮಾತ್ರೆಯ ಚೀಟಿ ಅವನ ಜೇಬಿನಲ್ಲೇ ಅವಳಿಗೆ ಸಿಕ್ಕಿತ್ತು. ಕೇಳಿದರೆ ಒಪ್ಪುವ ಪೈಕಿಯಲ್ಲ. ಬೇಡವೆಂದರೆ ಬಿಡುವ ಪೈಕಿಯಂತೂ ಅಲ್ಲವೇ ಅಲ್ಲ. ಆ ಹಳೆಯ ಕಾರಿಗೆ ಅವನಿಟ್ಟ ಹೆಸರು ಮಹಾರಾಣಿ. ಇವಳ ಪಾಲಿಗೆ ಅದು ಸವತಿ. ಒಂದು ದಿನವಾದರೂ ಅದರ ಸ್ಟೀರಿಂಗ್ ಮುಟ್ಟಲು ಬಿಟ್ಟವನಲ್ಲ ಮಹಾನುಭಾವ. ಅವಳೂ ಕೇಳಿ ಕೇಳಿ ಸೋತು ಸುಮ್ಮನಾಗಿದ್ದಳು.

ಮೊನ್ನೆ ಅವಳು ಮಗಳ ಜೊತೆ ಫೋನಿನಲ್ಲಿದ್ದಾಗ ವಿಮೆ ಅರ್ಜಿಯ ಹಾಳೆಯೊಂದನ್ನು ಮುಂದೆ ಹಿಡಿದು, "ಇಲ್ಲೊಂದು ಸೈನ್ ಹಾಕು," ಎಂದಿದ್ದ. ಹಾಕಿದ ಮೇಲೆ ಹೊಳೆಯಿತು. ನಾಮಿನಿ! ಅವನು ಹೋದ ಮೇಲೆ ಉಳಿಯುವವಳು. ವಿಮೆಯಿಲ್ಲದಿದ್ದರೆ ಹಳೇ ಕಾರುಗಳ ಕ್ಲಬ್ಬಿನವರು ಯಾರನ್ನೂ ರ‍್ಯಾಲಿಗೆ ಬಿಡುವುದಿಲ್ಲ ಎಂದು ಗೊತ್ತಾದದ್ದೇ ಅವಳು ಇಲ್ಲಿಗೆ ಓಡಿ ಬಂದಿದ್ದಳು.

"ಬರೆದು ಕೊಡ್ತೀರಾ?" ಎಂದ ಅಧಿಕಾರಿ.

ಗಂಡನ ಹೆಸರು ಬರೆಯಲು ಕೈ ಬರಲಿಲ್ಲ. 'ಈ ಅರ್ಜಿಯಲ್ಲಿರುವ ಚಾಲಕರು' ಎಂದಷ್ಟೇ ಬರೆದು ಸಹಿ ಮಾಡಿದಳು. ಸಹಿ ನೋಡಿ ಅಧಿಕಾರಿಯ ದನಿ ಮೆತ್ತಗಾಯಿತು.

"ನಿಜ ಹೇಳೋಕೆ ಧೈರ್ಯ ಬೇಕು ಮೇಡಂ. ಇಲ್ಲಿಗೆ ಹೇಗೆ ಬಂದ್ರಿ?"

"ಕಾರಲ್ಲಿ."

"ಯಾರು ಓಡಿಸಿದ್ರು?"

"ನಾನೇ. ಯಾಕೆ?"

ಅವನು ಗಡಬಡಿಸಿ ಎದ್ದ. ನೀರು ತರಿಸಿದ. ವಾಪಸ್ ಹೋಗಲು ಟ್ಯಾಕ್ಸಿ ಕರೆಸುತ್ತೇನೆಂದು ಪಟ್ಟು ಹಿಡಿದ. ಎಷ್ಟು ಒಳ್ಳೆಯ ಮನುಷ್ಯ, ಎಂದುಕೊಂಡು ಅವಳು ತನ್ನ ಕಾರಿನಲ್ಲೇ ಹೊರಟಳು.

ಆಮೇಲೆ ಮೂರು ದಿನ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೇಟು ಕಿರುಗುಟ್ಟಿದರೆ ಬೆಚ್ಚುತ್ತಿದ್ದಳು. ಗಂಡನೋ ಸಿಳ್ಳೆ ಹಾಕುತ್ತ ಮಹಾರಾಣಿಯ ಸೀಟು ಮುಂದೆ ಜರುಗಿಸುವುದೇನು, ಕನ್ನಡಿ ತಗ್ಗಿಸುವುದೇನು!

ನಾಲ್ಕನೆಯ ದಿನ ಪತ್ರ ಬಂತು. ಅವನು ನಿಂತೇ ಓದಿ, ಮೆಟ್ಟಿಲ ಮೇಲೆ ಕುಸಿದು ಕೂತ.

"ವಿಮೆ ಕೊಡಲ್ವಂತೆ."

"ಹೋಗ್ಲಿ ಬಿಡಿ," ಎಂದಳು, ಹೋದ ಜೀವ ಬಂದಂತಾಗಿ. "ನೀವು ನೆಟ್ಟಗಿದ್ರೆ ಸಾಕು."

ಅವನು ಅವಳ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು.

"ಇನ್ನು ನನ್ನ ಕೈಲಾಗಲ್ಲ ಅಂತ ಡ್ರೈವರ್ ಜಾಗದಲ್ಲಿ ನಿನ್ನ ಹೆಸರು ಹಾಕಿದ್ದೆ ಕಣೇ, ನಿನಗೂ ಪ್ರಜ್ಞೆ ತಪ್ಪತ್ತೆ ಅಂತ ನನಗ್ಯಾಕೆ ಹೇಳ್ಲಿಲ್ಲ?"