ಇನ್ನೂರರ ಮಂದಿ

ಪರದೆಯ ಮೇಲೆ ಸಾಸಿವೆ ಕಾಳಿನಷ್ಟಿದ್ದ ಕೆಂಪು ಚುಕ್ಕೆ ಕಣ್ಣೆದುರೇ ಉಬ್ಬುತ್ತ ಉಬ್ಬುತ್ತ ರೊಟ್ಟಿಯಷ್ಟಾಯಿತು. "ಬಂತಕ್ಕಾ, ಬಂತು!" ಎಂದು ಧೀರಜ ಕುರ್ಚಿಯಿಂದ ಜಿಗಿದ ರಭಸಕ್ಕೆ ಚಹಾದ ಕಪ್ಪು ಮಗುಚಿತು. ಒರೆಸುವ ಪುರುಸೊತ್ತು ಯಾರಿಗಿತ್ತು? ಉದಗೀರದ ಆ ಒಂದೇ ಕೋಣೆಯ ಆಫೀಸಿನಲ್ಲಿ ಅವನೂ ಪ್ರಣಿತಾಳೂ ಎರಡು ವರ್ಷ ಕೂತು ಕಟ್ಟಿದ ನಕಾಶೆಗೆ ಮೊದಲ ಕರೆ ಬಂದಿತ್ತು. ಅದೂ ಡಾಕ್ಟರ್ ಮೀನಲ ಪಕ್ಕದಲ್ಲೇ ಕೂತಿರುವಾಗ!

ಮೀನಲ ಅವರದು ಊರೂರು ತಿರುಗುವ ದವಾಖಾನೆ. ಇರುವುದು ಒಂದೇ ವ್ಯಾನು. ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆ ಅದು ಇವತ್ತು ಎಲ್ಲಿಗೆ ಓಡಬೇಕೆಂದು ಹೇಳುವ ನಕಾಶೆ ಅವರಿಗೆ ಬೇಕಿತ್ತು. ಜನ ಫೋನು ಮಾಡಿ ತಮ್ಮ ಮಾತಿನಲ್ಲೇ ಕಷ್ಟ ಹೇಳಬೇಕು, ಯಂತ್ರ ಅದನ್ನು ಬರೆದುಕೊಂಡು, ಊರು ಗುರುತಿಸಿ, ರೋಗಿಗಳು ಎಷ್ಟೋ ಅಷ್ಟು ದೊಡ್ಡ ಚುಕ್ಕೆ ಇಡಬೇಕು. ಈ ಕೆಲಸಕ್ಕೆ ಪುಣೆಯ ದೊಡ್ಡ ಕಂಪನಿಯೊಂದೂ ಸಾಲಿನಲ್ಲಿತ್ತು. ಪ್ರಣಿತಾಳ ಬಾಗಿಲ ಮೇಲಿದ್ದದ್ದು "ಜಾವಾ, ಪೈಥಾನ್, ಆ್ಯಂಡ್ರಾಯ್ಡ್, ನಕಾಶೆ: ಎಲ್ಲ ಪ್ಲಾಟ್‌ಫಾರ್ಮ್ ಕೆಲಸ" ಎಂಬ ಬೋರ್ಡು. ಅದನ್ನು ಓದಿ ಒಳಗೆ ಬಂದವರಲ್ಲಿ ರೈಲಿನ ಟೈಮು ಕೇಳಿದವರೇ ಹೆಚ್ಚು. ಇವತ್ತು ಡಾಕ್ಟರು ಹೂಂ ಅಂದರೆ ಆ ಬೋರ್ಡಿಗೊಂದು ಮಾನ.

"ಎಷ್ಟು ಭಾಷಾ ಬರ್ತಾವ ನಿಮ್ಮ ಮಷೀನಿಗೆ?" ಎಂದು ಡಾಕ್ಟರು ಆಗಷ್ಟೇ ಕೇಳಿದ್ದರು.

"ಕನ್ನಡ, ಮರಾಠಿ, ದಖ್ಖನಿ. ಒಳಗ ಇನ್ನಾ ಆರು ಅವ ರೀ ಮ್ಯಾಡಂ, ಅವು ಕಂಪ್ಯೂಟರ್ ಸಂಗಟ ಮಾತಾಡ್ಲಿಕ್ಕ," ಎಂದಿದ್ದಳು ಪ್ರಣಿತಾ, ಎದೆಯುಬ್ಬಿಸಿ.

ಈಗ ಚುಕ್ಕೆಯ ಕೆಳಗೆ ಅಕ್ಷರ ಮೂಡಿದವು: ವಲಾಂಡಿ. ಕಲ್ಯಾಣಪ್ಪನ ಹೊಲ. ಇನ್ನೂರು ಮಂದಿ. ಕೆಮ್ಮು. ನಾಲ್ಕು ದಿನ.

"ಅಯ್ಯೋ ದೇವಾ! ಒಂದೇ ಹೊಲದಾಗ ಇನ್ನೂರು ಮಂದಿ ಕೆಮ್ಮಲತ್ತಾರಾ?" ಡಾಕ್ಟರು ಎದ್ದೇಬಿಟ್ಟರು. "ಚಲಾ, ಚಲಾ! ಗಾಡಿ ಹತ್ತು!"

ಧೀರಜ ಪರದೆಯ ಮುಂದೆ ಉಳಿದ. ವ್ಯಾನು ಹಾರಿದ ಹಾಗೆ ಹೊರಟಿತು. ಸ್ಟೇರಿಂಗು ಡಾಕ್ಟರ ಕೈಯಲ್ಲೇ, ಪಕ್ಕದಲ್ಲಿ ಪ್ರಣಿತಾ. ತೊಗರಿ ಹೊಲಗಳು ಎರಡೂ ಕಡೆ ಹಿಂದಕ್ಕೆ ಓಡುತ್ತಿದ್ದವು. "ನಿಮ್ಮ ನಕಾಶಾ ಇಲ್ಲಂದ್ರ ಇದು ನಮಗ ಎಂಟು ದಿನಾ ಗೊತ್ತಾಗ್ತಿದ್ದಿಲ್ಲ ನೋಡು. ಪುಣೆದವರಿಗೆ ನಾಳೇನೇ ಬ್ಯಾಡ ಅಂತ ಹೇಳ್ತೀನಿ," ಎಂದರು. ಪ್ರಣಿತಾಳಿಗೆ ತಗ್ಗು ದಿನ್ನೆ ಒಂದೂ ತಿಳಿಯಲಿಲ್ಲ. ಹೊಲದ ದಾರಿ ಸರಿಯಾಗಿ ಹೇಳಿದ್ದಾರೋ ನೋಡೋಣವೆಂದು ಫೋನಿನಲ್ಲಿ ಆ ಕರೆಯ ಮೂಲ ಧ್ವನಿಯನ್ನೇ ಹಚ್ಚಿದಳು. ಒಬ್ಬ ಹೆಂಗಸಿನ ಗಟ್ಟಿ ದನಿ: "ವಲಾಂಡಿ ದಾಟಿ ಕಲ್ಯಾಣಪ್ಪನ ಹೊಲದಾಗ ಕುಂತೀವ್ರಿ. ನಮ್ಮದು ಇನ್ನೂರರ ಮಂದಿ. ನಾಕ್ ದಿನಾತು, ಮಂದಿ ಎಲ್ಲಾ ಕೆಮ್ಮಲತ್ತದ."

ಕೆಮ್ಮಲತ್ತದ. ಕೆಮ್ಮಲತ್ತಾರ ಅಲ್ಲ! ಪ್ರಣಿತಾ ಗುಂಜೋಟಿಯ ಒಕ್ಕಲು ಮನೆಯ ಮಗಳು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಹೊಲದಲ್ಲಿ "ಮಂದಿ ಕೂಡಿಸುವುದು" ಎಂದರೆ ಕುರಿ ಹಿಂಡು ನಿಲ್ಲಿಸುವುದು ಎಂದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಒಂಬತ್ತು ಭಾಷೆ ಬಲ್ಲ ಅವಳ ಯಂತ್ರಕ್ಕೆ ಗೊತ್ತಿರಲಿಲ್ಲ.

"ಮ್ಯಾಡಂ... ಇದು ಮನಷ್ಯಾರ ಮಂದಿ ಅಲ್ಲ ಅನಸ್ತದ," ಎನ್ನುವಷ್ಟರಲ್ಲಿ ವ್ಯಾನು ಹೊಲಕ್ಕೆ ತಿರುಗಿತ್ತು. ಇನ್ನೂರು ಕುರಿಗಳು ಒಟ್ಟಿಗೇ ತಲೆಯೆತ್ತಿ ನೋಡಿ, ಕೆಮ್ಮಿದವು.

"ಬಂದ್ರ್ಯಾ ನನ್ನವ್ವಾ!" ಕುರಿಗಳ ನಡುವೆ ದಾರಿ ಮಾಡಿಕೊಂಡು ಓಡಿಬಂದವಳು ತುಳಜಾಬಾಯಿ, ಫೋನು ಮಾಡಿದವಳು. "ನಿಮ್ಮಂವಾ ಸಂತ್ಯಾಗ ನಂಬರಿನ ಚೀಟಿ ಕೊಟ್ಟು, ನಿಮ್ಮ ಮಾತಿನ್ಯಾಗ ಹೇಳ್ರಿ ಅಂದಿದ್ದ. ಹೇಳೀನಿ ನೋಡ್ರಿ! ಯಾವದಕ್ಕ ಮೊದಲ ಸೂಜಿ ಹಾಕ್ತೀರಿ? ಆ ಕರೇ ಟಗರಿಗೆ ಹಾಕ್ರಿ, ಅದಕ ಭಾಳ ಆಗ್ಯಾದ."

"ಅವ್ವಾ, ಇದು ಮನಷ್ಯಾರ ದವಾಖಾನಿ," ಎಂದಳು ಪ್ರಣಿತಾ. ಡಾಕ್ಟರ ಮುಖ ನೋಡುವ ಧೈರ್ಯ ಇರಲಿಲ್ಲ. ಪುಣೆಯ ಕಂಪನಿ ಗೆದ್ದಂತೆಯೇ.

ಆಗ ಇನ್ನೊಂದು ಕೆಮ್ಮು ಕೇಳಿಸಿತು. ಇದು ಬೇರೆ. ಆಳದಿಂದ ಎದ್ದು, ಉಸಿರು ಸಿಗದೆ ನಡುವೆ ಕಡಿದು, ಮತ್ತೆ ಏಳುವಂಥದ್ದು. ಮುಳ್ಳುಬೇಲಿಯ ಹತ್ತಿರ ಕಂಬಳಿಯೊಳಗೆ ಯಾರೋ ಮುದುಡಿಕೊಂಡಿದ್ದರು.

"ಅದ್ಯಾರು?" ಡಾಕ್ಟರು ಕೇಳಿದರು.

"ಅವರಾ? ನಮ್ಮ ಮನಿಯವರು, ಅಮೃತಪ್ಪ. ಹಿಂದಿನ ಹುಣ್ಣಿವಿಯಿಂದ ಹಂಗೇ ಅದ. ಅದಕ್ಯಾರರೆ ಫೋನ್ ಮಾಡ್ತಾರೇನ್ರಿ?"

ಡಾಕ್ಟರು ಕೊರಳಲ್ಲಿದ್ದ ಸ್ಟೆಥಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು ಹಿಕ್ಕೆಯ ನೆಲದಲ್ಲೇ ಮೊಣಕಾಲೂರಿ ಕೂತುಬಿಟ್ಟರು. ತುಳಜಾಬಾಯಿ ಪ್ರಣಿತಾಳ ತೋಳು ಜಗ್ಗಿದಳು. "ಇದೇನವ್ವ, ಮಂದಿ ಬಿಟ್ಟು ಇವರನ್ನ ನೋಡ್ಲತ್ತಾರಲ್ಲ!"

ಬಹಳ ಹೊತ್ತು ಕೇಳಿದ ಮೇಲೆ ಡಾಕ್ಟರು ತಿರುಗಿದರು. "ಇವರನ್ನ ಈಗೇ ವ್ಯಾನಿನ್ಯಾಗ ಕರಕೊಂಡು ಹೋಗಬೇಕು. ಇನ್ನಾ ನಾಕ್ ದಿನಾ ಬಿಟ್ಟಿದ್ರ ಕೈ ಮೀರ್ತಿತ್ತು. ಪ್ರಣಿತಾ, ಕುರಿ ಡಾಕ್ಟರಿಗೂ ಒಂದು ಫೋನ್ ಹಚ್ಚು. ಮತ್ತ ನಾಳಿಂದ ಯಾವ ಮಂದಿ ಯಾವುದು ಅಂತ ನಿನ್ನ ಮಷೀನಿಗೆ ಕಲಿಸು. ಕೆಲಸ ನಿಮ್ಮದೇ."

ಪ್ರಣಿತಾಳ ಕೈಯಲ್ಲಿ ಫೋನು ಬಡಿದುಕೊಂಡಿತು. ಧೀರಜ: "ಅಕ್ಕಾ, ಧ್ವನಿ ಈಗ ಕೇಳಿದೆ. ಘಾತ ಆಗ್ಯಾದ! ಚುಕ್ಕಿ ತೆಗೀಲಿ?"

"ತೆಗೀಬ್ಯಾಡ ಅನ್ನು," ಎಂದರು ಡಾಕ್ಟರು, ಅಮೃತಪ್ಪನ ಹೆಗಲಿಗೆ ಕೈ ಕೊಟ್ಟು ಎಬ್ಬಿಸುತ್ತ. "ಇನ್ನೂರು ಅಳಿಸಿ ಒಂದು ಅಂತ ಬರೀಲಿ. ಚುಕ್ಕಿ ಮಾತ್ರ ಅಷ್ಟೇ ದೊಡ್ಡದಿರಲಿ."