ಬೋರ್ಡಿನ ಎರಡನೇ ಸಾಲು

"ಬ್ಯಾಂಕ್ ಅನ್ನೂದಷ್ಟ ಅಳಸ್ಬೇಕೇನ್ರಿ, ಸಾಹೇಬ್ರ?" ಏಣಿಯ ಮೇಲೆ ಬ್ರಷ್ ಹಿಡಿದು ನಿಂತ ಹುಲಿಗೆಪ್ಪ ಇನ್ನೊಮ್ಮೆ ಕೇಳಿದ.

"ಹೂಂ ಗುರು. 'ಹೊಂಬಾಳು ಸಹಕಾರಿ' ಹಾಗೇ ಇರ್ಲಿ. ಹತ್ತು ಗಂಟೆಗೆ ಬಾಗಿಲು ತೆಗೀಬೇಕು, ಬೇಗ ಮುಗಿಸ್ಬಿಡು," ಎಂದ ಕೆಳಗೆ ಏಣಿ ಹಿಡಿದು ನಿಂತಿದ್ದ ಮ್ಯಾನೇಜರ್ ಕೆಂಪರಾಜ್. ಪೇಂಟರ್‌ಗೆ ಮ್ಯಾನೇಜರ್ ಬಂದು ಏಣಿ ಹಿಡಿಯುವುದುಂಟೇ! ಹುಲಿಗೆಪ್ಪನಿಗೆ ಅನುಮಾನ ಬರಬೇಕಾದದ್ದು ಅಲ್ಲೇ. ಬರಲಿಲ್ಲ. ಹಳೆಯ ಬಿದಿರೇಣಿ, ಫುಟ್‌ಪಾತಿನ ಕಲ್ಲು ಏರುಪೇರು, ಬೀಳದಿರಲಿ ಎಂಬ ಕಾಳಜಿ ಇರಬೇಕು ಎಂದುಕೊಂಡ.

ಹಲಸೂರಿನ ಆ ಬೀದಿಯಲ್ಲಿ ಮೂರು ವರ್ಷದ ಹಿಂದೆ ಆ ಬೋರ್ಡು ಬರೆದವನೂ ಅವನೇ. ಎಲ್ಲರೂ ಫ್ಲೆಕ್ಸಿಗೆ ಓಡುವ ಕಾಲದಲ್ಲಿ ಕೈಬರಹವೇ ಬೇಕೆಂದು ಹುಡುಕಿಕೊಂಡು ಬಂದ ಮಂದಿ ಎಂದು ಇವರ ಮೇಲೆ ಅವನಿಗೆ ಒಂದು ಬಗೆಯ ಪ್ರೀತಿ. ಕೂಲಿ ಸಿಕ್ಕ ದಿನವೇ ಇಲ್ಲಿ ಖಾತೆ ತೆರೆದಿದ್ದ. ಕೊಪ್ಪಳದ ಕಡೆಯಿಂದ ಬಂದು ಕಗ್ಗದಾಸಪುರದ ವಠಾರವೊಂದರ ಒಂದೇ ಕೋಣೆಯಲ್ಲಿ ಸಂಸಾರ ಹೂಡಿ, ತಾನು ಗೋಡೆ ಬರೆದು, ಹೆಂಡತಿ ಭೀಮಬಾಯಿ ನಾಲ್ಕು ಮನೆ ಕಸಮುಸುರೆ ಮಾಡಿ ಕೂಡಿಸಿದ ಎರಡು ಲಕ್ಷ ಹತ್ತು ಸಾವಿರ ಈಗ ಒಳಗಿತ್ತು. ಮಗಳು ಪ್ರಿಯದರ್ಶಿನಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಸೋಮವಾರ ಫೀಸು ಕಟ್ಟಬೇಕಿತ್ತು. ಬೇರೆ ಬ್ಯಾಂಕುಗಳ ಬೋರ್ಡು ಯಾರು ಬರೆದರೋ ಯಾರು ಕಂಡರು, ಇದನ್ನು ತಾನೇ ಕೈಯಾರೆ ಬರೆದದ್ದು, ಹಾಗಾಗಿ ಇದು ಗಟ್ಟಿ. ಇದು ಅವನ ತರ್ಕ. ವಠಾರದಲ್ಲೂ ಎದೆಯುಬ್ಬಿಸಿ ಹಾಗೆಯೇ ಹೇಳಿಕೊಂಡು ತಿರುಗಿದ್ದ, ಪಾಪ.

"ಯಾಕ್ರೀ ಅಳಸೂದು?"

"ರಿಸರ್ವ್ ಬ್ಯಾಂಕಿಂದ ಪತ್ರ ಬಂದಿದೆ. ಲೈಸೆನ್ಸ್ ಇಲ್ದೆ ಬ್ಯಾಂಕ್ ಅಂತ ಹಾಕ್ಕೊಳ್ಳೋ ಹಾಗಿಲ್ವಂತೆ. ಬರೀ ಹೆಸರಿನ ತಕರಾರು, ತಲೆ ಕೆಡಿಸ್ಕೋಬೇಡ."

ಹುಲಿಗೆಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಕೆಂಪು ಅಕ್ಷರದ ಮೇಲೆ ಬಿಳಿ ಬಣ್ಣ ಎರಡು ಸಲ ಎಳೆದು ಇಳಿಯಹೊರಟ. ಆಗ ಕೆಂಪರಾಜ್ ಬೀದಿಯ ಆಚೀಚೆ ನೋಡಿ ದನಿ ತಗ್ಗಿಸಿದ. "ಹಾಗೇ ಎರಡನೇ ಸಾಲೂ ಹೊಡೆದುಬಿಡು."

ಎರಡನೇ ಸಾಲಿನಲ್ಲಿ 'ನಿಮ್ಮ ಠೇವಣಿಗೆ ಐದು ಲಕ್ಷದವರೆಗೆ ವಿಮೆ' ಎಂದಿತ್ತು. ಇಳಿಯುತ್ತಿದ್ದ ಹುಲಿಗೆಪ್ಪ ಅಲ್ಲೇ ನಿಂತ.

"ಅದನ್ಯಾಕ್ರೀ? ವಿಮಾ ಐತಲ್ರೀ?"

"ಅದು ಬ್ಯಾಂಕಲ್ಲಿಟ್ಟ ದುಡ್ಡಿಗೆ ಮಾತ್ರ. ನಮ್ದು ಸೊಸೈಟಿ."

"ಮತ್ತ ಅವತ್ತ ನನ್ ಕೈಲೆ ಬರಿಸಿದ್ರಲ್ರೀ!"

"ಬರಿ ಅಂದೆ, ನೀನು ಬರೆದೆ. ಓದ್ಕೊಂಡು ನಂಬು ಅಂದ್ನಾ?"

ಏಣಿ ನಿಂತಲ್ಲೇ ನಿಂತಿತ್ತು, ಆದರೂ ಹುಲಿಗೆಪ್ಪನಿಗೆ ಬೀದಿ ತಿರುಗಿದ ಹಾಗಾಯಿತು. "ನನ್ ರೊಕ್ಕ ಈಗ ಕೊಟ್ಬಿಡ್ರೀ ಸಾಹೇಬ್ರ. ಮಗಳ ಫೀಸಿಂದದು," ಎಂದು ಏಣಿಯ ಮೇಲಿಂದಲೇ ಕೂಗಿದ.

"ಕಿರುಚಬೇಡ. ಒಳಗೆ ನಾಲ್ಕು ಸಾವಿರ ಇದೆ, ಅಷ್ಟೇ. ಅಧ್ಯಕ್ಷರು ಫೋನ್ ಎತ್ತಿ ಎಂಟು ದಿನ ಆಯ್ತು." ಕೆಂಪರಾಜ್ ಇನ್ನಷ್ಟು ಹತ್ತಿರ ಬಂದ. "ಈಗೊಂದು ಪಾರ್ಟಿ ಬರ್ತಿದೆ. ಆರು ಲಕ್ಷ, ಕ್ಯಾಶು. ಕೌಂಟರಿಗೆ ಬಿದ್ದ ತಕ್ಷಣ ಮೊದಲು ನಿಂದು ಕೊಡ್ತೀನಿ, ನನ್ನ ತಾಯಾಣೆ. ನೀನು ಬಾಯಿ ಮುಚ್ಕೊಂಡಿದ್ರೆ ಸಾಕು."

ಸುಳ್ಳೇಕೆ ಹೇಳಬೇಕು, ಹುಲಿಗೆಪ್ಪನಿಗೆ ಹೋದ ಜೀವ ಬಂದಂತಾಯಿತು. ಯಾರೋ ಪಾರ್ಟಿ, ಯಾರದೋ ದುಡ್ಡು. ಇಂಥದ್ದಕ್ಕೆ ತಾನು ಒಪ್ಪಿಬಿಟ್ಟೆನೇ ಎಂದು ಒಂದು ಕ್ಷಣ ಹೇಸಿಗೆಯೂ ಆಯಿತು, ಆದರೆ ಕೈ ಆಗಲೇ ಬ್ರಷ್ಷನ್ನು ಬಣ್ಣಕ್ಕೆ ಅದ್ದಿತ್ತು. 'ನಿಮ್ಮ ಠೇವಣಿಗೆ' ಹೋಯಿತು. 'ಐದು ಲಕ್ಷದವರೆಗೆ' ಹೋಯಿತು.

ಅಷ್ಟರಲ್ಲಿ ಆಟೊ ಬಂದು ನಿಂತಿತು. ಇಳಿದವರು ಅಕ್ಕಯಮ್ಮ, ಅವನ ವಠಾರದ ಒಡತಿ. ಕಗ್ಗದಾಸಪುರ ಹಳ್ಳಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಹನ್ನೆರಡು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟವರು. ಎದೆಗವಚಿಕೊಂಡಿದ್ದ ಬಟ್ಟೆಚೀಲದ ಮೇಲೆ ಸೆರಗು ಹೊದೆಸಿದ್ದರು.

"ಅಯ್ಯೋ, ನಮ್ ಹುಲಿಗೆಪ್ಪ! ನೀನೂ ಇಲ್ಲೇ ಇದ್ದೀಯಾ, ಒಳ್ಳೇದೇ ಆಯ್ತು," ಎಂದು ಮುಖ ಅರಳಿಸಿದರು. "ನೀನು ಹೇಳ್ದಂಗೇ ತಂದ್ಬಿಟ್ಟೆ ಕಣಪ್ಪ. ಹನ್ನೆರಡು ರೂಮಿನೋರ್ದೂ ಅಡ್ವಾನ್ಸ್ ದುಡ್ಡು. ನಾಳೆ ನೀವು ಖಾಲಿ ಮಾಡಿದ್ರೆ ವಾಪಸ್ ಕೊಡ್ಬೇಕಲ್ಲ, ಮನೇಲಿಟ್ರೆ ಕಳ್ರ ಭಯ."

ಹುಲಿಗೆಪ್ಪ ಕೊಟ್ಟ ಐವತ್ತು ಸಾವಿರವೂ ಆ ಚೀಲದಲ್ಲಿತ್ತು. ಪಕ್ಕದ ಕೋಣೆಯ ನಾಗರತ್ನಾ ಕಿವಿಯ ಓಲೆ ಮಾರಿ ಕೊಟ್ಟದ್ದೂ ಇತ್ತು. ಇಲ್ಲಿಗೇ ತನ್ನಿರೆಂದು ಅಕ್ಕಯಮ್ಮನಿಗೆ ದುಂಬಾಲು ಬಿದ್ದವನು ತಾನೇ.

"ಬನ್ನಿ ಅಮ್ಮಾ, ಒಳಗೆ ಕೂತ್ಕೊಳ್ಳಿ, ಕಾಫಿ ತರಿಸ್ತೀನಿ," ಎಂದು ಕೆಂಪರಾಜ್ ಹಲ್ಲು ಕಿರಿದ. ಒಂದು ಕೈ ಏಣಿಯ ಮೇಲೇ ಇತ್ತು. ಇನ್ನೊಂದು ಕೈಯನ್ನು ಬೆನ್ನ ಹಿಂದೆ ತಂದು ಹುಲಿಗೆಪ್ಪನಿಗಷ್ಟೇ ಕಾಣುವಂತೆ ಎರಡು ಬೆರಳು ಎತ್ತಿದ. ಎರಡು ಲಕ್ಷ.

ಅಕ್ಕಯಮ್ಮ ಹೊಸಿಲಲ್ಲಿ ನಿಂತು ಕತ್ತೆತ್ತಿದರು. "ಅಲ್ಲಪ್ಪ, ಬೋರ್ಡೆಲ್ಲಾ ಯಾಕೆ ಬಳಿದಾಕ್ತಿದ್ದೀಯ? ನೀನು ಹೇಳಿದ್ ಬ್ಯಾಂಕು ಇದೇ ತಾನೆ?"

ಸೋಮವಾರ ಹುಲಿಗೆಪ್ಪನ ಕಣ್ಣ ಮುಂದೆ ಬಂತು, ಕಾಲೇಜಿನ ಗೇಟಿನಲ್ಲಿ ನಿಂತ ಪ್ರಿಯದರ್ಶಿನಿ ಬಂದಳು. ಬೋರ್ಡಿನಲ್ಲಿ 'ವಿಮೆ' ಎಂಬ ಒಂದೇ ಮಾತು ಉಳಿದಿತ್ತು. ಹುಲಿಗೆಪ್ಪ ಅದನ್ನೇ ನೋಡಿದ.

"ಅಮ್ಮಾರ, ಒಳಗ ಹೋಗಬ್ಯಾಡ್ರೀ," ಎಂದ. "ಇದು ಬ್ಯಾಂಕ್ ಅಲ್ರೀ. ಬ್ಯಾಂಕ್ ಅಂತ ನಾ ಬರದಿದ್ದೆ, ಅಷ್ಟ."

ಕೆಂಪರಾಜ್ ಏಣಿಯಿಂದ ಕೈ ತೆಗೆದ.