ಹಸಿದ ಕುರಿಯ ಹೊಟ್ಟೆ

ಗೊಂಚಿಗ್ ದೊಡ್ಡಿಯ ಬಾಗಿಲು ತೆಗೆದಾಗ ಒಂದು ಕುರಿಯೂ ಎದ್ದು ಬರಲಿಲ್ಲ. ಚಳಿ ಮೈನಸ್ ನಲವತ್ತಕ್ಕೆ ಇಳಿಯುತ್ತದೆಂದು ರೇಡಿಯೋದಲ್ಲಿ ಕೇಳಿ, ಹಿಂದಿನ ಸಂಜೆ ಅವನೇ ಬಾರ್ಲಿ ಮೂಟೆಗಳನ್ನು ಬಿಚ್ಚಿ ಸುರಿದಿದ್ದ. ತಿಂಗಳಿನಿಂದ ಹಿಮ ಕೆದಕಿ ಒಣಹುಲ್ಲು ಹೆಕ್ಕುತ್ತಿದ್ದ ಕುರಿಗಳು ಮುಗಿಬಿದ್ದು ತಿಂದಿದ್ದವು. ಈಗ ಮೂವತ್ತನಾಲ್ಕೂ ಹೊಟ್ಟೆ ಉಬ್ಬಿಸಿಕೊಂಡು ಹಲ್ಲು ಕಡಿಯುತ್ತ ಬಿದ್ದಿದ್ದವು. ಎಲ್ಲವೂ ಗಬ್ಬದ ಕುರಿಗಳು.

ಫೋನಿಗೆ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಅಲ್ಲಿಗೆ ಹತ್ತಿ ಪಶುವೈದ್ಯೆಯನ್ನು ಹಿಡಿದ.

"ರಸ್ತೆ ಮುಚ್ಚಿದೆ, ಇವತ್ತು ಬರೋಕಾಗಲ್ಲ," ಎಂದಳು ಆಕೆ. "ಅಡುಗೆ ಸೋಡಾ ನೀರು ಕುಡಿಸಿ. ಅಷ್ಟೇ ಸಾಲದು. ಹಸಿದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದು, ಹುಲ್ಲು ಅರಗಿಸೋ ಸೂಕ್ಷ್ಮಜೀವಿಗಳು ಸತ್ತಿವೆ. ಕಾಳು ತಿನ್ನದ ಕುರಿ ಒಂದನ್ನ ಕುಯ್ದು, ಹೊಟ್ಟೆಯ ರಸ ಬಿಸಿ ಇರುವಾಗಲೇ ಇವಕ್ಕೆ ಕುಡಿಸಿ. ತಣ್ಣಗಾದ್ರೆ ಕೆಲಸಕ್ಕೆ ಬರಲ್ಲ."

ಕಾಳು ತಿನ್ನದ ಕುರಿಗಳಿದ್ದದ್ದು ಒಂದೇ ಕಡೆ, ಗುಡ್ಡದಾಚೆ ವಿಧವೆ ಖಂದ್ಮಾಳ ಹತ್ತಿರ.

"ನಾಯಿ ಹಿಡ್ಕೊಳ್ಳಿ," ಎಂದು ಅವನು ಅವಳ ಅಂಗಳ ತಲುಪಿ ಕುದುರೆಯ ಮೇಲಿಂದಲೇ ಕೂಗಿದ. ಖಂದ್ಮಾ ಅವನನ್ನು ಗುಡಾರದೊಳಗೆ ಕೂರಿಸಿ ಉಪ್ಪು ಚಹಾ ಬಗ್ಗಿಸಿದಳು. ಯಾರು ಬಂದರೂ ಕೇಳುವ ಮಾತನ್ನೇ ಕೇಳಿದಳು. "ಚಳಿಗಾಲ ಸುಖವಾಗಿ ಕಳೀತಿದ್ಯಾ?"

"ಸುಖವಾಗಿದೆ, ಅಕ್ಕ." ಹಾಗೆನ್ನುವುದು ರೂಢಿ.

"ಮತ್ತೆ ಈ ಚಳೀಲಿ ನಿನ್ನ ಕುದುರೆ ಯಾಕೆ ಬೆವರಿದೆ?"

ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಒಲೆಗೆ ಬೆರಣಿ ತುರುಕಿದಳು.

"ಮೇವಿನ ಲಾರಿ ಬಂದಾಗ ನಿನ್ನ ಬಾಗಿಲಿಗೆ ಬಂದಿದ್ದೆ. ಎರಡು ಮೂಟೆ ಕೊಡೋ ಅಂದೆ. ನನಗೇ ಸಾಲದು ಅಂದೆ ನೀನು. ಈ ತಿಂಗಳು ಹದಿನೇಳು ಕುರೀನ ಕಾಲು ಹಿಡಿದು ಹೊರಗೆ ಎಳೆದುಹಾಕಿದೀನಿ."

"ಹೌದು, ಹಾಗೇ ಅಂದಿದ್ದೆ."

"ಈಗ ನನ್ನ ಕುರಿ ಹೊಟ್ಟೇಲಿರೋದೂ ನಿನಗೇ ಬೇಕು."

ಗೊಂಚಿಗ್ ಬಟ್ಟಲು ಕೆಳಗಿಟ್ಟು ಎದ್ದ. "ಕೇಳೋಕೆ ಮುಖ ಇಲ್ಲ, ಅಕ್ಕ. ಆದ್ರೂ ಕೇಳ್ದೆ."

ಅವನು ಬಾಗಿಲು ತಲುಪಿದಾಗ ಅವಳು ಕೇಳಿದಳು. "ಎಲ್ಲಾ ಗಬ್ಬದವೇನೋ?"

"ಎಲ್ಲವೂ."

ಅವಳು ಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದಳು. ಗೊಂಚಿಗ್ ನಿಲ್ಲಲಾರದೆ ತೂಗಾಡುತ್ತಿದ್ದ ಒಂದು ಬಡಕಲು ಕುರಿ ತೋರಿಸಿದ. "ಅದು ಸಾಕು. ಹೇಗೂ ಉಳಿಯಲ್ಲ."

"ಕೊಡೋಕೆ ಅದರ ಹೊಟ್ಟೇಲಿ ಏನಿದೆ?" ಎಂದು ಖಂದ್ಮಾ ಹಿಂಡಿನ ಒಳಹೊಕ್ಕು, ಇದ್ದುದರಲ್ಲಿ ಗಟ್ಟಿಯಾದ ಕುರಿಯನ್ನು ಕೊರಳು ಹಿಡಿದು ತಂದಳು. "ಇಲ್ಲೇ ಕುಯ್ದರೆ ದಾರೀಲಿ ಹೆಪ್ಪುಗಟ್ಟುತ್ತೆ. ನಿನ್ನ ದೊಡ್ಡೀಲೇ ಕುಯ್ಯೋಣ. ಎತ್ತು, ಜೀನಿಗೆ ಹಾಕು."

ಅವನ ದೊಡ್ಡಿಯಲ್ಲಿ ಖಂದ್ಮಾಳೇ ಕುರಿ ಕುಯ್ದಳು. ಹಬೆಯಾಡುವ ಹಸಿರು ರಸವನ್ನು ಗೊಂಚಿಗ್‌ನ ಹೆಂಡತಿ ಸೆವ್ಜಿದ್ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿದಳು. ಒಬ್ಬರು ತಲೆ ಹಿಡಿದರು, ಒಬ್ಬರು ದವಡೆ ಬಿಡಿಸಿದರು, ಒಬ್ಬರು ಹೊಯ್ದರು. ಕೈಗವಸು ತೆಗೆದ ಬೆರಳುಗಳು ಬಿಳಿಚಿದವು. ಅವರು ನೋಡನೋಡುತ್ತಲೇ ನಾಲ್ಕು ಕುರಿ ಸತ್ತವು. ಹೊತ್ತು ಇಳಿಯುವಾಗ ಮೂಲೆಯ ಒಂದು ಕುರಿ ತಲೆಯೆತ್ತಿ, ಮೆಲ್ಲಗೆ ಮೆಲುಕು ಹಾಕಿತು. ಸೆವ್ಜಿದ್ ಬಾಟಲಿ ಹಿಡಿದುಕೊಂಡೇ ಹಿಮದ ಮೇಲೆ ಕುಸಿದು ಕೂತಳು.

ಮೂರನೆಯ ದಿನಕ್ಕೆ ಇಪ್ಪತ್ತೈದು ಕುರಿ ಎದ್ದು ನಿಂತವು; ಇನ್ನೈದು ಏಳಲೇ ಇಲ್ಲ.

ನಾಲ್ಕನೆಯ ದಿನ ಗೊಂಚಿಗ್ ಉಳಿದ ಮೂಟೆಗಳಲ್ಲಿ ಅರ್ಧದಷ್ಟನ್ನು ಒಂಟೆಯ ಮೇಲೆ ಹೇರಿಕೊಂಡು ಖಂದ್ಮಾಳಲ್ಲಿಗೆ ಬಂದ. ಕಾಳಿನ ವಾಸನೆಗೆ ಅವಳ ಕುರಿಗಳು ಒಂದನ್ನೊಂದು ತುಳಿಯುತ್ತ ಬೇಲಿಗೆ ನುಗ್ಗಿದವು. ಅವನು ಮೂಟೆ ಬಿಚ್ಚಿ ಎರಡೂ ಕೈ ತುಂಬ ಬಾಚಿದ.

ಖಂದ್ಮಾ ಅವನ ಮಣಿಕಟ್ಟು ಹಿಡಿದಳು.

"ಒಂದೊಂದಕ್ಕೆ ಒಂದೇ ಹಿಡಿ," ಎಂದಳು. "ಹಸಿವು ಇವಕ್ಕೆ ಗೊತ್ತು ಕಣೋ. ಹೊಟ್ಟೆ ತುಂಬೋದನ್ನ ನಿಧಾನವಾಗಿ ಕಲಿಸ್ಬೇಕು."